ಕೋಳಿ ಕಲಸೋ, ಕೋಳಿ ಕಳಸೋ

ಕಿವಿ ಎಲ್ಲಿವೆ? ಮುಟ್ಟಿ ನೋಡಿಕೊಳ್ಳಿ. ಎರಡೂ ಇವೆಯಾ? ಸರಿ, ಈ ಕತೆಗೆ ಎರಡೂ ಬೇಕು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವವರು ಈಗಲೇ ಎದ್ದು ಹೊರಗೆ ಆಡಿಕೊಳ್ಳಿ. ಕೂತವರು ಮುಂದೆ ಬನ್ನಿ.

ಬಾವಿ ಓಣಿಯಲ್ಲಿ ಒಂದು ಮನೆ. ಆ ಮನೆಯಲ್ಲಿ ಹೊನ್ನಿ ಅಂತ ಒಬ್ಬಳು ಹುಡುಗಿ. ಹೊನ್ನಿಗೆ ಒಬ್ಬಳು ಅವ್ವ. ಅವ್ವನ ಹೊಟ್ಟೆಯಲ್ಲಿ ಒಂದು ಕೂಸು. ಮತ್ತೆ ಸಂಕವ್ವಜ್ಜಿ. ಅಪ್ಪ? ಅಪ್ಪ ಹುಬ್ಬಳ್ಳಿಯಲ್ಲಿದ್ದ. ಅಲ್ಲಿ ಅವನದೊಂದು ಚೈನೀಸ್ ಗಾಡಿ. ದೊಡ್ಡ ಬಾಣಲೆ, ದೊಡ್ಡ ಉರಿ, ಟಣ್ ಟಣ್ ಟಣ್ ಸೌಟು.

ಹೊಟ್ಟೆಯಲ್ಲಿ ಕೂಸು ಇದ್ದಾಗ ಅವ್ವಂದಿರಿಗೆ ಏನೇನೋ ತಿನ್ನಬೇಕು ಅನ್ನಿಸುತ್ತದೆ. ಅದಕ್ಕೆ ಬಯಕೆ ಅನ್ನುತ್ತಾರೆ. ಒಬ್ಬರಿಗೆ ಹುಣಸೆಕಾಯಿ. ಒಬ್ಬರಿಗೆ ಮಾವಿನಕಾಯಿ. ಹೊನ್ನಿಯ ಅವ್ವನಿಗೆ? ಖಾರ ಖಾರ ಚೈನೀಸ್ ಕೋಳಿ!

"ಇದೆಂಥಾ ಬಯಕಿನವ್ವಾ!" ಅಂದಳು ಅಜ್ಜಿ. "ನಮ್ಮ ಕಾಲದಾಗ ಬಸರಿ ಹೆಣ್ಮಕ್ಕಳು ಒಲಿ ಮಣ್ಣು ಕೆರಕೊಂಡು ತಿಂತಿದ್ರು. ಈಕಿಗೆ ಚೀನಾ ದೇಶದ ಕೋಳಿ ಬೇಕಂತ! ಆತು, ಮಾಡೂಣು. ಬಯಕಿ ತೀರಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರ್ತಾವ."

"ಸೋರಿದ್ರ ಏನಾಕ್ಕೈತಿ ಅಜ್ಜಿ?"

"ಸೋರೀಕಾಯಿ ನಿನ್ನೆ ಮಾಡಿದ್ನೆಲ್ಲವ್ವಾ."

ಅಜ್ಜಿಯ ಕಿವಿ ಅಷ್ಟಕ್ಕಷ್ಟೇ. ಹೊನ್ನಿ ಹತ್ತಿರ ಹೋಗಿ ಕೂಗಿ ಕೇಳಿದಳು. ಅಜ್ಜಿ ನಿಟ್ಟುಸಿರು ಬಿಟ್ಟಳು.

"ನಮ್ಮವ್ವಗ ಹಲಸಿನ ಹಣ್ಣಿನ ಬಯಕಿ ಇತ್ತಂತ. ಯಾರೂ ತಂದುಕೊಡಲಿಲ್ಲ. ಅದಕ್ಕ ನೋಡು ನನ್ನ ಕಿವಿ ಹಿಂಗ. ಮಾತು ಒಳಗ ಬರ್ತಾವ, ಅರ್ಧಾ ಸೋರಿ ಹೋಗ್ತಾವ."

ಹೊನ್ನಿಗೆ ಹೆದರಿಕೆಯಾಯಿತು. ಪಾಪು ಹುಟ್ಟುತ್ತೆ. ನಾನು ಕರೀತೀನಿ. ಅದಕ್ಕೆ ಬೇರೇನೋ ಕೇಳಿಸುತ್ತೆ. ನಾನೊಂದು ಅಂದರೆ ಅದೊಂದು ಅನ್ನುತ್ತೆ. ಅಯ್ಯೋ, ಬೇಡ ಬೇಡ! ಕೋಳಿ ಆಗಲೇಬೇಕು.

ಅಜ್ಜಿ ಕೋಳಿ ತಂದಳು. ಸಣ್ಣ ಸಣ್ಣ ತುಂಡು ಮಾಡಿದಳು. ತೊಳೆದಳು. ಸ್ಟೀಲ್ ಡಬ್ಬಿಗೆ ಹಾಕಿದಳು. ಬ್ಯಾಡಗಿ ಮೆಣಸಿನಕಾಯಿ ಮುರಿದಳು. ಬೆಳ್ಳುಳ್ಳಿ ಜಜ್ಜಿದಳು. ಶುಂಠಿ ಹೆಚ್ಚಿದಳು. ಅಪ್ಪ ಬಸ್ಸಿಗೆ ಹಾಕಿ ಕಳಿಸಿದ್ದ ಸೋಯಾ ಬಾಟಲಿ ಪಕ್ಕದಲ್ಲಿ ಇಟ್ಟುಕೊಂಡಳು. ಮಾಡುವುದು ಹೇಗೆ? ಅಪ್ಪನಿಗೆ ಫೋನ್ ಹಚ್ಚಿದಳು.

ಫೋನು ಗರಗರ ಅಂದಿತು. ಆ ಕಡೆ ಸೌಟು ಟಣ್ ಟಣ್ ಅಂದಿತು. ಅಪ್ಪ ಕೂಗಿ ಹೇಳಿದ.

"ಸೋಯಾ ಹಾಕು. ಕಲಸು!"

ಅಜ್ಜಿಗೆ ಏನು ಕೇಳಿಸಿತು ಗೊತ್ತಾ?

"ಸೋಮಕ್ಕಗ ಕಳಸು!"

ಕಲಸುವುದು ಅಂದರೆ ಕೈ ಹಾಕಿ ಬೆರೆಸುವುದು. ಕಳಸುವುದು ಅಂದರೆ ಇನ್ನೊಬ್ಬರ ಮನೆಗೆ ಮುಟ್ಟಿಸುವುದು. ಎಲ್ಲಿಂದೆಲ್ಲಿಗೆ! ನಾಲಿಗೆ ಒಂಚೂರು ಮಡಚಿತು, ಅಷ್ಟೇ. ಕೋಳಿ ಮನೆ ಬಿಟ್ಟು ಹೊರಟಿತು.

"ಬಯಕಿ ನನ್ನ ಸೊಸಿಗೆ. ಕೋಳಿ ಸೋಮಕ್ಕಗ ಯಾಕ?" ಅಜ್ಜಿ ತಲೆ ಕೆರೆದುಕೊಂಡಳು. "ಹೋಗ್ಲಿ. ಅಡಗಿ ಮಾಡಾಂವ ಅವ. ಚೀನಾದವರ ಪದ್ಧತಿ ಹಂಗ ಇರಬೇಕು."

ಡಬ್ಬಿ ಹೊನ್ನಿಯ ಕೈಗೆ ಬಂತು. ಹೊನ್ನಿ ಸೋಮಕ್ಕನ ಮನೆಗೆ ಓಡಿದಳು. ಸೋಮಕ್ಕ ಬಟ್ಟೆ ಹೊಲಿಯುವವಳು. ಮಷಿನ್ನು ಕಟಕಟಕಟ ಅನ್ನುತ್ತಿತ್ತು.

"ಸೋಮಕ್ಕಾ, ಕೋಳಿ! ತಗೋ!" ಅಂದಳು ಹೊನ್ನಿ. ಡಬ್ಬಿ ಇಟ್ಟಳು. ಮನೆಗೆ ಓಡಿಬಂದಳು.

ಮತ್ತೆ ಅಪ್ಪನ ಫೋನು.

"ಕೋಳಿ ಕಲಸಿದಿ?"

"ಕಳಿಸಿದ್ನಪಾ."

"ಛಲೋ ಕಲಸಿದಿಲ್ಲ?"

"ಛಲೋ ಕಳಿಸಿದ್ನಿ. ಹೊನ್ನಿ ಕೈಲೆ ಕಳಿಸಿದ್ನಿ."

"ಹೊನ್ನಿ ಕೈಲೆ ಯಾಕ? ನಿನ್ನ ಕೈಲೆ ಕಲಸಬಾರದ?"

"ನನ್ನ ಕಾಲು ನೋಯ್ತಾವಲ್ಲೋ!"

ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. ಕೋಳಿ ಕಲಸೋಕೆ ಕಾಲು ಯಾಕೆ ಅಂತ ಯೋಚನೆ ಮಾಡಿದ. ಎಷ್ಟು ಯೋಚನೆ ಮಾಡಿದರೂ ತಿಳಿಯಲಿಲ್ಲ.

"ಈಗ ಕೋಳಿ ಎಲ್ಲೈತಿ?"

"ಸೋಮಕ್ಕನ ಮನ್ಯಾಗ."

"ಸೋಮಕ್ಕನ ಮನ್ಯಾಗ ಯಾಕೈತಿ?"

"ನೀನ ಅಂದೆಲ್ಲೋ, ಸೋಮಕ್ಕಗ ಕಳಸು ಅಂತ!"

"ಯವ್ವಾ! ಸೋಯಾ ಹಾಕು, ಕಲಸು ಅಂದ್ನಿ!"

ಹೊನ್ನಿ ಬಾಗಿಲು ದಾಟಿ ಆಗಲೇ ಓಡಿದ್ದಳು. ಓಡುತ್ತಾ ಓಡುತ್ತಾ ಬಾಯಲ್ಲಿ ಅಂದುಕೊಂಡಳು.

"ಅಪ್ಪ ಅಂದದ್ದು ಕಲಸು. ಅಜ್ಜಿಗೆ ಕೇಳಿದ್ದು ಕಳಸು."

ಸೋಮಕ್ಕನ ಮನೆ ಬಂತು.

"ಸೋಮಕ್ಕಾ, ನಮ್ಮ ಕೋಳಿ ಕೊಡು!"

"ಹೊಲದು ಇಟ್ಟೀನಿ, ತಗೋ," ಅಂದಳು ಸೋಮಕ್ಕ.

ಹೊನ್ನಿ ನೋಡಿದಳು. ಡಬ್ಬಿಗೆ ಖಾಕಿ ಬಟ್ಟೆಯ ಚೀಲ. ಚೀಲಕ್ಕೆ ನಾಲ್ಕೂ ಕಡೆ ಹೊಲಿಗೆ. ಬಾಯಿಯೇ ಇಲ್ಲ! ಕೋಳಿ ಡಬ್ಬಿಯೊಳಗೆ. ಡಬ್ಬಿ ಚೀಲದೊಳಗೆ.

"ಯಾಕ ಹೊಲದಿ ಸೋಮಕ್ಕಾ?"

"ನೀನ ಅಂದೆಲ್ಲವ್ವಾ, ಹೊಲಿ, ತಗೋ ಅಂತ. ನಿಮ್ಮಪ್ಪಗ ಹುಬ್ಬಳ್ಳಿಗೆ ಪಾರ್ಸಲ್ ಮಾಡ್ತೀರಿ ಅಂತ ಗಟ್ಟಿ ಹೊಲದ್ನಿ."

"ಹೊಲಿ ಅಲ್ಲಾ, ಕೋಳಿ!"

ಹೊನ್ನಿ ಮನಸ್ಸಿನಲ್ಲೇ ಅಂದುಕೊಂಡಳು: ಅಯ್ಯೋ ಪಾಪ, ಇವರವ್ವನ ಬಯಕೆಯನ್ನೂ ಯಾರೂ ತೀರಿಸಲಿಲ್ಲ ಕಾಣ್ತದೆ!

ದಾರವನ್ನು ಹಲ್ಲಿನಿಂದ ಕಡಿಯಬಹುದಿತ್ತಲ್ಲ ಅನ್ನುತ್ತೀರಾ? ಕಡಿದಳು. ಹಲ್ಲು ನೋಯಿತು, ದಾರ ನಗುತ್ತಾ ಕೂತಿತು. ಸೋಮಕ್ಕನ ಹೊಲಿಗೆ ಅಂದರೆ ಸುಮ್ಮನೆಯಾ?

"ಈಳಿಗಿ ಮುಟ್ಟಿಸಿದ್ರ ಬಟ್ಟಿ ಹರೀತೈತಿ. ನಾ ಬಿಡೂದಿಲ್ಲ," ಅಂದಳು ಸೋಮಕ್ಕ. "ನನ್ನ ಕತ್ತರಿನ ಬೇಕು. ಕತ್ತರಿ ಸಾಣಿ ಹಿಡಿಯಾಕ ಮೌಲಾ ಕಾಕಾಗ ಕೊಟ್ಟೀನಿ. ಕತ್ತರಿ ತಾ, ಹೊಲಿಗಿ ಬಿಚ್ಚತೀನಿ."

ಹೊನ್ನಿ ಓಡಿದಳು.

"ಅಪ್ಪ ಅಂದದ್ದು ಕಲಸು. ಅಜ್ಜಿಗೆ ಕೇಳಿದ್ದು ಕಳಸು.
ನಾ ಅಂದದ್ದು ಕೋಳಿ. ಸೋಮಕ್ಕಗ ಕೇಳಿದ್ದು ಹೊಲಿ."

ಮೌಲಾ ಕಾಕಾ ಬೇವಿನ ಮರದ ಕೆಳಗೆ ಕೂತಿದ್ದ. ಕಾಲಲ್ಲಿ ತುಳಿದರೆ ಚಕ್ರ ತಿರುಗುತ್ತದೆ. ಚಕ್ರಕ್ಕೂ ಸಾಣೆಕಲ್ಲಿಗೂ ಒಂದು ಹುರಿ ಸುತ್ತಿದೆ. ಚಕ್ರ ತಿರುಗಿದರೆ ಕಲ್ಲೂ ತಿರುಗುತ್ತದೆ. ಕಲ್ಲಿಗೆ ಕತ್ತರಿ ಹಿಡಿದರೆ ಝರ್ರ್ರ್, ಕಿಡಿ ಕಿಡಿ ಕಿಡಿ.

"ಕಾಕಾ, ಕತ್ತರಿ!" ಅಂದಳು ಹೊನ್ನಿ.

ಝರ್ರ್ರ್.

"ಸುತ್ತರಿ ಅಂದ್ಯಾ? ಸುತ್ತತೀನಿ!" ಅಂದ ಕಾಕಾ. ಜೋರಾಗಿ ತುಳಿದ.

"ಕತ್ತರಿ ಕಾಕಾ, ಕತ್ತರಿ!"

"ಇನ್ನೂ ಸುತ್ತರಿ? ತಗೋ!" ಇನ್ನೂ ಜೋರಾಗಿ ತುಳಿದ. ಚಕ್ರ ಗಿರಗಿರಗಿರ. ಕಲ್ಲು ಝರ್ರ್ರ್. ಪಟ್!

ಹುರಿ ಹರಿಯಿತು. ಚಕ್ರ ನಿಂತಿತು. ಕಲ್ಲು ನಿಂತಿತು.

ಅಯ್ಯೋ ಪಾಪ, ಇವರವ್ವನ ಬಯಕೆಯನ್ನೂ ಯಾರೂ ತೀರಿಸಲಿಲ್ಲ ಕಾಣ್ತದೆ!

ಈಗ ಗದ್ದಲ ಇರಲಿಲ್ಲ. ಹೊನ್ನಿ ಕೈಮುಗಿದು ಹೇಳಿದಳು.

"ಕಾಕಾ, ನೀ ಕತ್ತರಿ ಕೊಟ್ರ ಸೋಮಕ್ಕ ಹೊಲಿಗಿ ಬಿಚ್ಚತಾಳ. ಹೊಲಿಗಿ ಬಿಚ್ಚಿದ್ರ ಕೋಳಿ ಸಿಗತೈತಿ. ಕೋಳಿ ಸಿಕ್ರ ಅವ್ವನ ಬಯಕಿ ತೀರತೈತಿ. ಬಯಕಿ ತೀರಿದ್ರ ಪಾಪೂನ ಕಿವಿ ಸೋರೂದಿಲ್ಲ."

"ಕೊಡೂದಿಲ್ಲ ಬೇಟಿ," ಅಂದ ಕಾಕಾ. "ಒಂದು ಅಲಗು ಹರಿತ ಐತಿ, ಒಂದು ಮೊಂಡ ಐತಿ. ಅರ್ಧಾ ಸಾಣಿ ಹಿಡದು ಕೊಟ್ರ ನನ್ನ ಹೆಸರು ಹೋಗತೈತಿ. ಭಟ್ಟಿ ತುಂಗಕ್ಕನ ಕಡೆ ಗಟ್ಟಿ ಹುರಿ ಐತಿ. ಹುರಿ ತಾ, ಕತ್ತರಿ ಕೊಡತೀನಿ."

ಹೊನ್ನಿ ಓಡಿದಳು.

"ಅಪ್ಪ ಅಂದದ್ದು ಕಲಸು. ಅಜ್ಜಿಗೆ ಕೇಳಿದ್ದು ಕಳಸು.
ನಾ ಅಂದದ್ದು ಕೋಳಿ. ಸೋಮಕ್ಕಗ ಕೇಳಿದ್ದು ಹೊಲಿ.
ನಾ ಅಂದದ್ದು ಕತ್ತರಿ. ಕಾಕಾಗ ಕೇಳಿದ್ದು ಸುತ್ತರಿ."

ತುಂಗಕ್ಕನದು ಚುರುಮುರಿ ಭಟ್ಟಿ. ಅಲ್ಲಿ ಅಕ್ಕಿ ಹುರಿದು ಚುರುಮುರಿ ಮಾಡುತ್ತಾರೆ. ಕಡಲೆ ಹುರಿಯುತ್ತಾರೆ. ಶೇಂಗಾ ಹುರಿಯುತ್ತಾರೆ. ಬೆಳಗಿಂದ ಸಂಜೆತನಕ ಬರೀ ಹುರಿಯೋದೇ.

"ತುಂಗಕ್ಕಾ, ಹುರಿ ಕೊಡು!"

"ಹುರದು ಕೊಡತೀನಿ, ತಡಿ," ಅಂದಳು ತುಂಗಕ್ಕ. ಬಾಣಲೆಯ ಬಿಸಿ ಮರಳಿಗೆ ಶೇಂಗಾ ಸುರಿದಳು. ಚಟಪಟ ಚಟಪಟ. ಜರಡಿ ಹಿಡಿದಳು. ಹೊನ್ನಿಯ ಲಂಗದ ಕಿಸೆಗೆ ಬಿಸಿ ಬಿಸಿ ಶೇಂಗಾ ತುಂಬಿದಳು.

"ಇದಲ್ಲಾ ತುಂಗಕ್ಕಾ, ಹುರಿ!"

"ಹುರದದ್ದ ಅಲ್ಲೇನವ್ವಾ? ಹಸೀದು ಹೆಂಗ ಕೊಡ್ಲಿ? ಇನ್ನೊಂದೀಟು ಹುರಿಲೇನು?"

"ಹುರೀಬ್ಯಾಡ! ಹುರಿ ಕೊಡು!"

"ಹುರೀಬ್ಯಾಡ ಅಂತಿ, ಹುರಿ ಅಂತಿ. ಒಂದು ಕಡೆ ನಿಂತು ಹೇಳು!"

ಪಾಪ ತುಂಗಕ್ಕ. ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಅದೂ ಹುರಿ, ಇದೂ ಹುರಿ. ಹೊನ್ನಿ ಏನು ಮಾಡಿಯಾಳು? ಎರಡೂ ಅಂಗೈ ಸೇರಿಸಿ ಹುರಿ ಹೊಸೆದು ತೋರಿಸಿದಳು.

"ಓ, ಆ ಹುರಿ!" ತುಂಗಕ್ಕ ಹಣೆ ಬಡಿದುಕೊಂಡಳು.

ಹೊನ್ನಿ ಹೇಳಿದಳು. "ನೀ ಹುರಿ ಕೊಟ್ರ ಕಾಕಾ ಕತ್ತರಿ ಕೊಡತಾನ. ಕಾಕಾ ಕತ್ತರಿ ಕೊಟ್ರ ಸೋಮಕ್ಕ ಹೊಲಿಗಿ ಬಿಚ್ಚತಾಳ. ಹೊಲಿಗಿ ಬಿಚ್ಚಿದ್ರ ಕೋಳಿ ಸಿಗತೈತಿ. ಕೋಳಿ ಸಿಕ್ರ ಅವ್ವನ ಬಯಕಿ ತೀರತೈತಿ. ಬಯಕಿ ತೀರಿದ್ರ ಪಾಪೂನ ಕಿವಿ ಸೋರೂದಿಲ್ಲ."

"ಕೊಡೂದು ಹೆಂಗವ್ವಾ?" ಅಂದಳು ತುಂಗಕ್ಕ. "ಹುರಿ ಚುರುಮುರಿ ಚೀಲದ ಬಾಯಿಗೆ ಕಟ್ಟೈತಿ. ಬಿಚ್ಚಿದ್ರ ಚುರುಮುರಿ ಗಾಳಿಗೆ ಹಾರಿ ಹೋಗತೈತಿ. ಸುರಿಯಾಕ ಒಂದು ಬುಟ್ಟಿ ಬೇಕು. ಮೇದಾರ ಯಂಕಪ್ಪನ ಕಡೆ ಬುಟ್ಟಿ ತಾ, ಹುರಿ ಕೊಡತೀನಿ."

ಹೊನ್ನಿ ಓಡಿದಳು. ಕಿಸೆಯಲ್ಲಿ ಶೇಂಗಾ ಗಲಗಲ ಅಂದವು.

"ಅಪ್ಪ ಅಂದದ್ದು ಕಲಸು. ಅಜ್ಜಿಗೆ ಕೇಳಿದ್ದು ಕಳಸು.
ನಾ ಅಂದದ್ದು ಕೋಳಿ. ಸೋಮಕ್ಕಗ ಕೇಳಿದ್ದು ಹೊಲಿ.
ನಾ ಅಂದದ್ದು ಕತ್ತರಿ. ಕಾಕಾಗ ಕೇಳಿದ್ದು ಸುತ್ತರಿ.
ನಾ ಅಂದದ್ದು ಹುರಿ. ತುಂಗಕ್ಕಗ ಕೇಳಿದ್ದು… ಹುರಿ!"

ಹೊನ್ನಿಯ ತಲೆ ಗಿರ್ ಅಂದಿತು. ಒಂದು ಗಳಿಗೆ ನಿಂತಳು. ಮತ್ತೆ ಓಡಿದಳು.

ಯಂಕಪ್ಪ ಮಾವ ಬಿದಿರು ಸೀಳುತ್ತಿದ್ದ. ಚರ್ರ್, ಚರ್ರ್. ಮುಂದೆ ಒಂದು ಬುಟ್ಟಿ ಇತ್ತು. ಅಂಚು ಕಟ್ಟುವುದೊಂದೇ ಬಾಕಿ.

"ಮಾವಾ, ಬುಟ್ಟಿ!" ಅಂದಳು ಹೊನ್ನಿ.

ಮಾವ ಕೈಯಲ್ಲಿದ್ದ ಕತ್ತಿ ಬಿಸಾಕಿದ. ಎದ್ದು ಓಡಿ ಬಂದ. ಮುಖ ಅಗಲ ಮಾಡಿಕೊಂಡ.

"ಬುತ್ತಿ ಬಂತಾ? ಕೊಡು ಕೊಡು! ಏನೈತಿ ಬುತ್ತ್ಯಾಗ?"

"ಬುತ್ತಿ ಅಲ್ಲ ಮಾವಾ, ಬುಟ್ಟಿ!"

"ಅದ, ಬುತ್ತಿ! ರೊಟ್ಟಿ ಬುತ್ತಿನೋ, ಮೊಸರನ್ನದ ಬುತ್ತಿನೋ?"

ಅಯ್ಯೋ ಪಾಪ, ಇವರವ್ವನ ಬಯಕೆಯನ್ನೂ ಯಾರೂ ತೀರಿಸಲಿಲ್ಲ ಕಾಣ್ತದೆ!

ಹೊನ್ನಿ ಬುಟ್ಟಿಯನ್ನು ಮುಟ್ಟಿ ತೋರಿಸಿದಳು. ಮಾವನ ಮುಖ ಇಷ್ಟೇ ಇಷ್ಟಾಯಿತು. ಹೊನ್ನಿ ಹೇಳಿದಳು.

"ನೀ ಬುಟ್ಟಿ ಕೊಟ್ರ ತುಂಗಕ್ಕ ಹುರಿ ಕೊಡತಾಳ. ತುಂಗಕ್ಕ ಹುರಿ ಕೊಟ್ರ ಕಾಕಾ ಕತ್ತರಿ ಕೊಡತಾನ. ಕಾಕಾ ಕತ್ತರಿ ಕೊಟ್ರ ಸೋಮಕ್ಕ ಹೊಲಿಗಿ ಬಿಚ್ಚತಾಳ. ಹೊಲಿಗಿ ಬಿಚ್ಚಿದ್ರ ಕೋಳಿ ಸಿಗತೈತಿ. ಕೋಳಿ ಸಿಕ್ರ ಅವ್ವನ ಬಯಕಿ ತೀರತೈತಿ. ಬಯಕಿ ತೀರಿದ್ರ ಪಾಪೂನ ಕಿವಿ ಸೋರೂದಿಲ್ಲ."

"ಪಾಪೂನ ಕಿವಿ ಇರ್ಲಿ, ನನ್ನ ಹೊಟ್ಟಿ ನೋಡು," ಅಂದ ಮಾವ. "ನಿಮ್ಮತ್ತಿ ತವರಿಗೆ ಹೋಗ್ಯಾಳ. ಮುಂಜಾನಿಯಿಂದ ಬರೀ ನೀರು ಕುಡದೀನಿ. ಕೈ ನಡಗತೈತಿ. ಅಂಚು ಸೊಟ್ಟ ಆಗತೈತಿ. ಬುತ್ತಿ ತಾ, ಬುಟ್ಟಿ ಕೊಡತೀನಿ."

ಬುತ್ತಿ ಎಲ್ಲಿ ಸಿಗುತ್ತದೆ? ಮನೆಯಲ್ಲಿ. ಹೊನ್ನಿ ಮನೆಗೆ ಓಡಿದಳು.

"ಅಪ್ಪ ಅಂದದ್ದು ಕಲಸು. ಅಜ್ಜಿಗೆ ಕೇಳಿದ್ದು ಕಳಸು.
ನಾ ಅಂದದ್ದು ಕೋಳಿ. ಸೋಮಕ್ಕಗ ಕೇಳಿದ್ದು ಹೊಲಿ.
ನಾ ಅಂದದ್ದು ಕತ್ತರಿ. ಕಾಕಾಗ ಕೇಳಿದ್ದು ಸುತ್ತರಿ.
ನಾ ಅಂದದ್ದು ಹುರಿ. ತುಂಗಕ್ಕಗ ಕೇಳಿದ್ದು ಹುರಿ.
ನಾ ಅಂದದ್ದು ಬುಟ್ಟಿ. ಮಾವಗ ಕೇಳಿದ್ದು ಬುತ್ತಿ."

ಅಷ್ಟು ಹೊತ್ತಿಗೆ ಅವಳ ನಾಲಿಗೆಯೇ ಅವಳ ಮಾತು ಕೇಳುತ್ತಿರಲಿಲ್ಲ. ಕತ್ತರಿ, ಬತ್ತರಿ, ಬುಟ್ಟಿ, ಸುಟ್ಟಿ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಅಂದಳು.

"ಅಜ್ಜಿ, ಬುತ್ತಿ ಕೊಡು!"

ಅಜ್ಜಿಗೆ ಭಾರೀ ಸಂತೋಷವಾಯಿತು.

"ಬುದ್ಧಿ ಬೇಕೇನವ್ವಾ? ಕೂಡು ಬಾ. ಇಷ್ಟು ವರ್ಷ ಆತು, ಯಾರೂ ಕೇಳಿರಲಿಲ್ಲ. ಮೊದಲನೇದು, ಬಿಸಲಾಗ ಓಡಬಾರದು. ಎರಡನೇದು, ತಲಿಗೆ ಎಣ್ಣಿ ಹಚ್ಚಬೇಕು. ಮೂರನೇದು, ಅಡಗಿ ಮನ್ಯಾಗ ಸೀಟಿ ಹೊಡೀಬಾರದು…"

"ಬುದ್ಧಿ ಬ್ಯಾಡ ಅಜ್ಜಿ!"

"ಬುದ್ಧಿ ಬ್ಯಾಡ ಅನ್ನಬಾರದು. ಅದು ನಾಲ್ಕನೇದು."

ಹೊನ್ನಿಗೆ ಅಳು ಬಂತು. ಇಷ್ಟು ಹೊತ್ತು ಬಂದಿರಲಿಲ್ಲ, ಈಗ ಬಂತು. ಹೊಸ್ತಿಲ ಮೇಲೆ ಕುಸಿದು ಕೂತಳು. ಅಳುತ್ತಾ ಅಳುತ್ತಾ ಒಂದೇ ಉಸಿರಿಗೆ ಅಂದಳು.

"ಬುತ್ತಿ ಕೊಟ್ರ ಮಾವ ಬುಟ್ಟಿ ಕೊಡತಾನ. ಮಾವ ಬುಟ್ಟಿ ಕೊಟ್ರ ತುಂಗಕ್ಕ ಹುರಿ ಕೊಡತಾಳ. ತುಂಗಕ್ಕ ಹುರಿ ಕೊಟ್ರ ಕಾಕಾ ಕತ್ತರಿ ಕೊಡತಾನ. ಕಾಕಾ ಕತ್ತರಿ ಕೊಟ್ರ ಸೋಮಕ್ಕ ಹೊಲಿಗಿ ಬಿಚ್ಚತಾಳ. ಹೊಲಿಗಿ ಬಿಚ್ಚಿದ್ರ ಕೋಳಿ ಸಿಗತೈತಿ. ಕೋಳಿ ಸಿಕ್ರ ಅವ್ವನ ಬಯಕಿ ತೀರತೈತಿ. ಬಯಕಿ ತೀರಿದ್ರ ಪಾಪೂನ ಕಿವಿ ಸೋರೂದಿಲ್ಲ. ಆದ್ರ ಯಾರಿಗೂ ನನ್ನ ಮಾತು ಕೇಳೂದ ಇಲ್ಲ!"

"ನನಗ ಕೇಳಿತವ್ವಾ," ಅಂತ ಒಳಗಿಂದ ಒಂದು ದನಿ ಬಂತು.

ಅವ್ವ! ಚಾಪೆಯ ಮೇಲೆ ಒರಗಿದ್ದ ಅವ್ವ ನಿಧಾನಕ್ಕೆ ಎದ್ದು ಬಂದಳು. ಅವಳ ಮಧ್ಯಾಹ್ನದ ತಟ್ಟೆ ಹಾಗೆಯೇ ಇತ್ತು. ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿ ಪುಡಿ. ಬಾಯಿಗೆ ರುಚಿಸದೆ ಬಿಟ್ಟಿದ್ದಳು. ಅದನ್ನೇ ಬಟ್ಟೆಯಲ್ಲಿ ಕಟ್ಟಿದಳು. ಹೊನ್ನಿಯ ಕಣ್ಣು ಒರೆಸಿದಳು.

"ಬುತ್ತಿ ಅಂದಿ. ತಗೋ ಬುತ್ತಿ. ಇನ್ನ ಬಾಯಿ ಬಿಡಬ್ಯಾಡ. ಸುಮ್ನ ಕೈಯಾಗ ಇಟ್ಟು ಬಾ."

ಹೊನ್ನಿ ತುಟಿ ಬಿಗಿಹಿಡಿದಳು. ಓಡಿದಳು.

ಮಾವನ ಕೈಯಲ್ಲಿ ಬುತ್ತಿ ಇಟ್ಟಳು. ಬಾಯಿ ಬಿಡಲಿಲ್ಲ. ಮಾವ ಉಂಡ. ಡರ್ರ್ ಅಂತ ತೇಗಿದ. ಅಂಚು ಕಟ್ಟಿದ. ಬುಟ್ಟಿ ಕೊಟ್ಟ.

ತುಂಗಕ್ಕನ ಕೈಯಲ್ಲಿ ಬುಟ್ಟಿ ಇಟ್ಟಳು. ಬಾಯಿ ಬಿಡಲಿಲ್ಲ. ತುಂಗಕ್ಕ ಚೀಲದ ಬಾಯಿ ಬಿಚ್ಚಿದಳು. ಚುರುಮುರಿ ಬುಟ್ಟಿಗೆ ಸುರಿದಳು. ಹುರಿ ಕೊಟ್ಟಳು.

ಕಾಕಾನ ಕೈಯಲ್ಲಿ ಹುರಿ ಇಟ್ಟಳು. ಬಾಯಿ ಬಿಡಲಿಲ್ಲ. ಕಾಕಾ ಹುರಿ ಸುತ್ತಿದ. ಚಕ್ರ ಗಿರಗಿರ. ಕಲ್ಲು ಝರ್ರ್ರ್. ಮೊಂಡ ಅಲಗೂ ಹರಿತ ಆಯಿತು. ಕತ್ತರಿ ಕೊಟ್ಟ.

ಸೋಮಕ್ಕನ ಕೈಯಲ್ಲಿ ಕತ್ತರಿ ಇಟ್ಟಳು. ಬಾಯಿ ಬಿಡಲಿಲ್ಲ. ಸೋಮಕ್ಕ ಕಚಕ್ ಕಚಕ್ ಹೊಲಿಗೆ ಬಿಚ್ಚಿದಳು. ಚೀಲ ಬಿಚ್ಚಿತು. ಡಬ್ಬಿ ಬಂತು. ಮುಚ್ಚಳ ತೆಗೆದು ನೋಡಿದರೆ, ಕೋಳಿ!

ಹೊನ್ನಿ ಕೋಳಿ ತಂದು ಅಜ್ಜಿಯ ಮುಂದೆ ಇಟ್ಟಳು. ಬಾಯಿ ಬಿಡಲಿಲ್ಲ. ಅಜ್ಜಿಯ ಕೈ ಹಿಡಿದು ಡಬ್ಬಿಯೊಳಗೇ ಇಳಿಸಿದಳು. ಅಜ್ಜಿ ಸೋಯಾ ಹಾಕಿದಳು, ಉಪ್ಪು ಹಾಕಿದಳು, ಕಲಸಿದಳು.

"ಈಗ ಕಳಸಲೇನು?" ಅಂದಳು ಅಜ್ಜಿ.

"ಬ್ಯಾಡ!" ಅಂತ ಅವ್ವ, ಹೊನ್ನಿ ಇಬ್ಬರೂ ಕಿರುಚಿದರು. ಅದು ಅಜ್ಜಿಗೆ ಕೇಳಿಸಿತು.

ಅಪ್ಪ ಫೋನಿನಲ್ಲಿದ್ದ. ಈ ಸಲ ಫೋನು ಹೊನ್ನಿಯ ಕಿವಿಯಲ್ಲಿತ್ತು.

"ಉರಿ ಜೋರ್ ಮಾಡು. ಬಾಣಲಿ ಕಾಯಲಿ. ಎಣ್ಣಿ ಹಾಕು. ಈಗ ಮೆಣಸಿನಕಾಯಿ. ಬೆಳ್ಳುಳ್ಳಿ, ಶುಂಠಿ. ಕೋಳಿ ಹಾಕು. ಇನ್ನ ಕೈ ನಿಲ್ಲಬಾರದು. ಹುರಿ, ಹುರಿ, ಹುರಿ!"

"ಯಾವ ಹುರಿ ಅಪ್ಪಾ?" ಅಂದಳು ಹೊನ್ನಿ. ಅವಳಿಗೆ ಸಾಕಾಗಿತ್ತು.

ಅಜ್ಜಿ ಸೌಟು ಆಡಿಸಿದಳು. ಚುಂಯ್! ಖಾರದ ಹೊಗೆ ಎದ್ದಿತು. ಅಜ್ಜಿ ಸೀನಿದಳು. ಅವ್ವ ಸೀನಿದಳು. ಹೊನ್ನಿ ಸೀನಿದಳು. ಹೊಗೆ ಕಿಟಕಿ ದಾಟಿ ಓಣಿಗೆ ಹೋಯಿತು. ಸೋಮಕ್ಕ ಸೀನಿದಳು. ಕಾಕಾ ಸೀನಿದ. ತುಂಗಕ್ಕ ಸೀನಿದಳು. ಯಂಕಪ್ಪ ಮಾವ ಸೀನಿದ. ಏನಪ್ಪಾ ಇದು ಘಮಘಮ ಅಂತ ಒಬ್ಬರ ಹಿಂದೆ ಒಬ್ಬರು ಹೊನ್ನಿಯ ಮನೆಗೆ ಬಂದರು.

"ಕಡೀಕ ಹುರದ ಶೇಂಗಾ ಒಂದು ಮುಷ್ಟಿ ಹಾಕ್ತಾರ," ಅಂದ ಅಪ್ಪ. "ಮನ್ಯಾಗ ಎಲ್ಲಿರ್ತಾವ? ಬಿಡ್ರಿ."

ಹೊನ್ನಿ ಕಿಸೆಗೆ ಕೈ ಹಾಕಿದಳು. ತುಂಗಕ್ಕನ ಶೇಂಗಾ ಇನ್ನೂ ಬೆಚ್ಚಗಿದ್ದವು. ಬಾಣಲೆಗೆ ಸುರಿದಳು. ಮೇಲೆ ಉಳ್ಳಾಗಡ್ಡಿ ತಪ್ಪಲು, ಅಂದರೆ ಈರುಳ್ಳಿ ಸೊಪ್ಪು, ಉದುರಿಸಿದರು. ಆಯಿತು!

ಅವ್ವ ತಟ್ಟೆ ಹಿಡಿದು ಕೂತಳು. ಒಂದು ತುತ್ತು ತಿಂದಳು. ಕಣ್ಣಲ್ಲಿ ನೀರು. ಇನ್ನೊಂದು ತುತ್ತು. ಮೂಗಲ್ಲಿ ನೀರು.

"ಖಾರ ಆತೇನವ್ವಾ? ಸಾಕೇನು?"

"ಇನ್ನೊಂದೀಟು ಹಾಕ್ರಿ."

ಹಾಕಿದರು. ತಿಂದಳು. ಮತ್ತೆ ಹಾಕಿದರು. ಮತ್ತೆ ತಿಂದಳು. ತಟ್ಟೆಗೆ ಅಂಟಿದ ರಸವನ್ನೂ ಬೆರಳಿನಿಂದ ಬಳಿದುಕೊಂಡಳು. ಗೋಡೆಗೆ ಒರಗಿದಳು.

"ತೀರಿತು ನೋಡ್ರಿ," ಅಂದಳು.

ಎಲ್ಲರೂ ಹೋ ಅಂದರು. ಹೊನ್ನಿ ಮಾತ್ರ ಅನ್ನಲಿಲ್ಲ. ಬಯಕೆ ತೀರಿತು, ಸರಿ. ಕಿವಿ? ಕಿವಿ ಸರಿಯಾಗಿವೆಯಾ? ಒಳಗೆ ಹೋಗಿ ನೋಡುವುದು ಹೇಗೆ?

ಅವಳು ಅವ್ವನ ಹತ್ತಿರ ಬಂದಳು. ಹೊಟ್ಟೆಗೆ ಕೆನ್ನೆ ಹಚ್ಚಿದಳು. ಸಣ್ಣ ದನಿಯಲ್ಲಿ, ಬಹಳ ಸಣ್ಣ ದನಿಯಲ್ಲಿ ಅಂದಳು.

"ಪಾಪು, ಆಡೂಣು ಬಾ."

"ಏನಂದ್ಲು?" ಅಂದಳು ಅಜ್ಜಿ. "ಓಡೂಣು ಬಾ ಅಂದ್ಲೇನು?"

"ಅಲ್ಲ, ನೋಡೂಣು ಬಾ ಅಂದ್ಲು," ಅಂದಳು ಸೋಮಕ್ಕ.

"ಹಾಡೂಣು ಬಾ ಅಂದ್ಲು," ಅಂದ ಕಾಕಾ.

"ಮಾಡೂಣು ಬಾ ಅಂದ್ಲು," ಅಂದಳು ತುಂಗಕ್ಕ.

"ಬೇಡೂಣು ಬಾ, ಇನ್ನೊಂದೀಟು ಕೋಳಿ ಬೇಡೂಣು ಬಾ ಅಂದ್ಲು," ಅಂದ ಯಂಕಪ್ಪ ಮಾವ.

ಟುಪ್!

ಒಳಗಿಂದ ಒಂದು ಒದೆ. ನೆಟ್ಟಗೆ ಹೊನ್ನಿಯ ಕೆನ್ನೆಗೆ.

ಹೊನ್ನಿ ಕಣ್ಣು ಅರಳಿಸಿದಳು. ಮತ್ತೆ ಸಣ್ಣ ದನಿಯಲ್ಲಿ ಅಂದಳು. "ಆಡೂಣು ಬಾ."

ಟುಪ್! ಟುಪ್!

"ಕೇಳಿತು!" ಹೊನ್ನಿ ಕುಣಿದಾಡಿದಳು. "ಅದಕ್ಕ ಕೇಳಿತು! ಆಡೂಣು ಅಂದ್ನಿ, ಆಡಾಕ ಹತ್ತೈತಿ!"

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ, ಸೋಮಕ್ಕ, ಕಾಕಾ, ತುಂಗಕ್ಕ, ಯಂಕಪ್ಪ ಮಾವ, ಎಲ್ಲರೂ ಏನು ಏನು ಅಂತ ಹತ್ತಿರ ಬಂದರು. ಹೊನ್ನಿಗೆ ಅವರಿಗೆ ಹೇಳಲು ಪುರಸೊತ್ತು ಇರಲಿಲ್ಲ. ಅವಳು ಆಗಲೇ ಪಾಪುವಿನ ಜೊತೆ ಆಟಕ್ಕೆ ಕೂತಿದ್ದಳು.